ಪರದೆ ಬರೆಯುತ್ತಿದ್ದ ತಾತನ ಕೈ ನಡುಗುತ್ತದೆ, ಸಾಕ್ಷ್ಯಚಿತ್ರ ಹೇಗೆ ಮಾಡಲಿ? ಇದನ್ನೇ ನಂಬಿ ಬದುಕಬಹುದಾ?

ಪಿಬಿ ರೋಡ್ ಕ್ಯಾಮೆರಾ
ಎಲ್ಲರಿಗೂ ನಮಸ್ಕಾರ. ನನ್ನದು ದಾವಣಗೆರೆ. ಏಳು ವರ್ಷದಿಂದ ಮದುವೆ ವಿಡಿಯೋ ಮಾಡುತ್ತಿದ್ದೇನೆ. ಸೀಸನ್‌ನಲ್ಲಿ ಊಟಕ್ಕೂ ಪುರುಸೊತ್ತಿರುವುದಿಲ್ಲ. ಆಷಾಢ ಬಂತೆಂದರೆ ಕ್ಯಾಮೆರಾ ಬೀರುವಿನಲ್ಲಿ. ಹೋದ ಆಷಾಢದಲ್ಲಿ ಸುಮ್ನೆ ಕೂರಬಾರದೆಂದು ಒಂದು ಕೆಲಸ ಶುರು ಮಾಡಿದೆ, ಅದರ ಬಗ್ಗೆ ನಿಮ್ಮ ಹತ್ತಿರ ಕೇಳಬೇಕಿತ್ತು.

ಹಳೇ ದಾವಣಗೆರೆಯಲ್ಲಿ ಒಬ್ಬ ತಾತ ಇದ್ದಾರೆ. ಅವರನ್ನು ಕೇಳದೆ ಇಲ್ಲಿ ಹೆಸರು ಹಾಕುವುದಿಲ್ಲ. 81 ವರ್ಷ. ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದವರು. ಅರಮನೆ ಸೀನು, ಕಾಡು ಸೀನು, ರಸ್ತೆ ಸೀನು, ಜೈಲು ಸೀನು. ಪುಡಿ ಬಣ್ಣಕ್ಕೆ ಅಂಟು ಕಾಯಿಸಿ ಬೆರೆಸಿ, ನೆಲದ ಮೇಲೆ ಬಟ್ಟೆ ಹಾಸಿ, ಅದರ ಮೇಲೇ ಓಡಾಡುತ್ತಾ ಬರೆಯುತ್ತಿದ್ದರಂತೆ. ಇದುವರೆಗೆ 11 ಗಂಟೆ ಶೂಟ್ ಮಾಡಿದ್ದೇನೆ. ಆದರೆ ಎಲ್ಲಾ ಬರೀ ಮಾತು. ಅವರು ಕುರ್ಚಿಯಲ್ಲಿ ಕೂತು ಹೇಳುತ್ತಾರೆ, ನಾನು ಕೇಳುತ್ತೇನೆ. ಈಗ ಬರೆಯುವುದಿಲ್ಲ, ಬಲಗೈ ನಡುಗುತ್ತದೆ.

ಎರಡು ಪ್ರಶ್ನೆ. ಕ್ಯಾಮೆರಾಗೋಸ್ಕರ ಒಂದು ಸಣ್ಣ ಪರದೆ ಬರೆದು ತೋರಿಸಿ ಎಂದು ಕೇಳಬಹುದಾ? ಇನ್ನೊಂದು, ಕಲಾವಿದರ ಬಗ್ಗೆ ಚಿತ್ರ ಮಾಡುವುದನ್ನೇ ಕಸುಬು ಮಾಡಿಕೊಂಡು ಬದುಕಿದವರು ಇದ್ದಾರಾ? ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ಹುಡುಗ ಏನು ಮಾಡುತ್ತಾನೆ ಎಂದು ಕೇಳಿದರೆ ಏನು ಹೇಳಲಿ ಅಂತ ಅಪ್ಪ ದಿನಾ ಕೇಳುತ್ತಾರೆ. ಅವರ ಪ್ರಶ್ನೆ ತಪ್ಪಲ್ಲ.

ಕಂಪನಿ ಮನೆ ಮಗಳು
ತಮ್ಮಾ, ಮೊದಲು ನಿನಗೆ ನಮಸ್ಕಾರ. ಪರದೆ ಬರೆಯುವವರನ್ನು ಹುಡುಕಿಕೊಂಡು ಹೋದವರನ್ನು ನಾನು ನೋಡಿರಲಿಲ್ಲ. ಎಲ್ಲರೂ ಹೀರೋಯಿನ್ ಹತ್ತಿರ ಹೋಗುತ್ತಾರೆ, ಇಲ್ಲ ಹಾಸ್ಯದವರ ಹತ್ತಿರ ಹೋಗುತ್ತಾರೆ.

ನನ್ನ ಅಮ್ಮ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದರು. ನಾನು ಬೆಳೆದದ್ದೇ ಪರದೆಗಳ ಹಿಂದೆ. ದುಗ್ಗಮ್ಮನ ಜಾತ್ರೆಯಲ್ಲಿ ಕ್ಯಾಂಪ್ ಹಾಕಿದಾಗ ಅರಮನೆ ಪರದೆಯ ಹಿಂದೆ ಚಾಪೆ ಹಾಕಿ ಮಲಗಿಸುತ್ತಿದ್ದರು. ಮುಂದುಗಡೆ ಲೈಟ್ ಬಿದ್ದರೆ ಕಂಬ, ಕಮಾನು ಎಲ್ಲಾ ಹಿಂದಿನಿಂದ ತಿರುವುಮುರುವಾಗಿ ಕಾಣುತ್ತಿತ್ತು. ಅರಮನೆ ಎಂದರೆ ಇವತ್ತಿಗೂ ನನಗೆ ಆ ತಿರುವುಮುರುವು ಅರಮನೆಯೇ.

ಅಮ್ಮನ ಬಗ್ಗೆ ಒಮ್ಮೆ ಟಿವಿಯವರು ಬಂದಿದ್ದರು. ಯಾವ ಟಿವಿ ಅಂತ ಬೇಡ. ಮಟಮಟ ಮಧ್ಯಾಹ್ನ ಬಣ್ಣ ಹಚ್ಚಿಸಿದರು. ಹಳೇ ಸೀರೆ ಉಡಿಸಿದರು. "ಅಮ್ಮಾ, ಕಷ್ಟದ ದಿನ ನೆನೆಸಿಕೊಂಡು ಸ್ವಲ್ಪ ಅಳಿ" ಅಂದರು. ಅಮ್ಮ ಅತ್ತರು, ಕಲಾವಿದೆ ಅಲ್ವಾ, ಕೇಳಿದರೆ ಅಳುತ್ತಾರೆ. ನಾವು ಎಷ್ಟು ಫೋನ್ ಮಾಡಿದರೂ ಒಂದು ಕಾಪಿ ಕೊಡಲಿಲ್ಲ. ಅಮ್ಮ ಹೋಗಿ ಆರು ವರ್ಷ ಆಯಿತು. ನಮ್ಮ ಹತ್ತಿರ ಅಮ್ಮನ ಧ್ವನಿ ಇರುವುದು ಒಂದು ಮೊಬೈಲ್ ರೆಕಾರ್ಡಿಂಗ್‌ನಲ್ಲಿ ಮಾತ್ರ. ಅದರಲ್ಲಿ ಗ್ಯಾಸ್ ಬುಕ್ ಮಾಡುತ್ತಿದ್ದಾರೆ.

ಬರೆದು ತೋರಿಸಿ ಎಂದು ಕೇಳಬೇಡ.

ಎಡಿಟ್ ಟೇಬಲ್
ಅಕ್ಕ ಹೇಳಿದ್ದು ಓದಿ ಸಂಕಟವಾಯಿತು. ಆದರೆ ಕೊನೆಯ ಮಾತು ನಾನು ಒಪ್ಪುವುದಿಲ್ಲ. ಕೇಳುವುದು ಬೇರೆ, ಒತ್ತಾಯ ಮಾಡುವುದು ಬೇರೆ. ಕೇಳದೇ ಇದ್ದರೆ ಅವರಿಗೆ ಆಸೆ ಇದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ? ನಾವೇ "ಪಾಪ, ವಯಸ್ಸಾಯಿತು" ಅಂದುಕೊಂಡು ಅವರ ಕೆಲಸ ಮುಗಿಯಿತೆಂದು ತೀರ್ಮಾನ ಮಾಡಿಬಿಡುತ್ತೇವೆ.

11 ಗಂಟೆ ಕುರ್ಚಿ ಮಾತಿನಿಂದ ಚಿತ್ರ ಆಗುವುದಿಲ್ಲ ತಮ್ಮ, ಅದು ಸಂದರ್ಶನ ಆಗುತ್ತದೆ. ಅದೂ ಬೇಕು, ಆದರೆ ಅದು ಬೇರೆ ವಸ್ತು.

ಚಂದ್ರವಳ್ಳಿ ಕಲ್ಲು
ಸತ್ಯಜಿತ್ ರಾಯ್ ಅವರ ಇನ್ನರ್ ಐ ನೋಡು. ಹುಟ್ಟು ಕುರುಡನಾದ ಚಿತ್ರಕಾರನ ಮೇಲೆ ಮಾಡಿದ್ದು. ನಿನಗೆ ಬೇಕಾದ್ದೆಲ್ಲಾ ಅದರಲ್ಲಿದೆ.

ಡ್ರಾಯಿಂಗ್ ಮೇಷ್ಟ್ರು ಜಗಳೂರು
ಚಂದ್ರವಳ್ಳಿಯವರೇ, ಒಂದು ತಿದ್ದುಪಡಿ. ಬಿನೋದ್ ಬಿಹಾರಿ ಮುಖರ್ಜಿ ಹುಟ್ಟು ಕುರುಡರಲ್ಲ. ಚಿಕ್ಕಂದಿನಿಂದ ದೃಷ್ಟಿ ತುಂಬಾ ಕಡಿಮೆ ಇತ್ತು. ಪೂರ್ತಿ ಹೋದದ್ದು 1957ರಲ್ಲಿ, ಕಣ್ಣಿನ ಆಪರೇಷನ್ ಆದ ಮೇಲೆ. ಆಗ ಅವರಿಗೆ ಐವತ್ತು ದಾಟಿತ್ತು. ಶಾಂತಿನಿಕೇತನದ ಗೋಡೆಗಳ ಮೇಲೆ ದೊಡ್ಡ ದೊಡ್ಡ ಚಿತ್ರ ಬರೆದು ಮುಗಿಸಿದ್ದರು. ಕಣ್ಣು ಹೋದ ಮೇಲೂ ನಿಲ್ಲಿಸಲಿಲ್ಲ. ಕಾಗದ ಕತ್ತರಿಸಿ ಅಂಟಿಸಿದರು, ಬೊಂಬೆ ಮಾಡಿದರು, ಕೈಯಲ್ಲಿ ಮುಟ್ಟಿ ನೋಡಿಕೊಂಡು ಬಿಲ್ಲೆಗಳ (ಟೈಲ್ಸ್) ಗೋಡೆ ಚಿತ್ರ ಮಾಡಿದರು. ರಾಯ್ ಚಿತ್ರ ಮಾಡಿದ್ದು 1972ರಲ್ಲಿ. ಹೆಚ್ಚುಕಮ್ಮಿ 20 ನಿಮಿಷ, ಅಷ್ಟೇ.

ಇನ್ನೊಂದು ಮುಖ್ಯ ವಿಷಯ. ರಾಯ್ ಅವರು ಹುಡುಗರಾಗಿದ್ದಾಗ ಶಾಂತಿನಿಕೇತನದಲ್ಲಿ ಅದೇ ಮೇಷ್ಟ್ರ ಕೈಕೆಳಗೆ ಕಲಿತಿದ್ದರು. ಅದರಿಂದಲೇ ಆ ಚಿತ್ರದಲ್ಲಿ ಅಯ್ಯೋ ಪಾಪ ಅನ್ನುವ ಭಾವ ಎಲ್ಲೂ ಇಲ್ಲ. ಮೇಷ್ಟ್ರು ಹೇಗೆ ಕೆಲಸ ಮಾಡುತ್ತಾರೆ ಎಂದು ಶಿಷ್ಯ ಗಮನವಿಟ್ಟು ನೋಡುವ ಹಾಗಿದೆ. ನಾನು 31 ವರ್ಷ ಡ್ರಾಯಿಂಗ್ ಹೇಳಿಕೊಟ್ಟವನು. ಆ ನೋಟ ನನಗೆ ಗೊತ್ತಾಗುತ್ತದೆ.

ಚಂದ್ರವಳ್ಳಿ ಕಲ್ಲು
ಸರಿ ಸರ್, ನನ್ನದು ತಪ್ಪು. ತಿಳಿಸಿದ್ದಕ್ಕೆ ಧನ್ಯವಾದ.

ಎಡಿಟ್ ಟೇಬಲ್
ನೋಡಿದ್ರಾ? ಕಣ್ಣಿಲ್ಲದ ಕಲಾವಿದ ಕೆಲಸ ಮಾಡುವುದನ್ನೇ ರಾಯ್ ಶೂಟ್ ಮಾಡಿದರು. ನಾನು ಹೇಳಿದ್ದೂ ಅದನ್ನೇ.

ಕಂಪನಿ ಮನೆ ಮಗಳು
ಅವರು ಮೊದಲೇ ಕೆಲಸ ಮಾಡುತ್ತಿದ್ದರು, ಇವರು ಹೋಗಿ ಶೂಟ್ ಮಾಡಿದರು. ನಮ್ಮ ತಾತ ಬಿಟ್ಟು ಎಷ್ಟೋ ವರ್ಷ ಆಗಿದೆ. ಎರಡೂ ಒಂದೇ ಅಲ್ಲಣ್ಣ.

ಗುಂಡಿ ಸರ್ಕಲ್
ಹಿಂದೆ ಟಾಕೀಸಿನಲ್ಲಿ ದೊಡ್ಡ ಚಿತ್ರಕ್ಕೆ ಮುಂಚೆ ಸರ್ಕಾರದ ಫಿಲ್ಮ್ಸ್ ಡಿವಿಷನ್‌ನವರ ಸಣ್ಣ ಚಿತ್ರ ಹಾಕುತ್ತಿದ್ದರು. ನಾವು ಆಗ ಹೊರಗೆ ಮಂಡಕ್ಕಿ ತಿನ್ನುತ್ತಾ ನಿಲ್ಲುತ್ತಿದ್ದೆವು, ಅದು ಮುಗಿದ ಮೇಲೆ ಒಳಗೆ ಹೋಗುತ್ತಿದ್ದೆವು. ಈಗ ಯೋಚಿಸಿದರೆ ಎಷ್ಟು ಕಲಾವಿದರನ್ನು ಹಾಗೆ ಬಿಟ್ಟೆವೋ ಎಂದು ಬೇಜಾರಾಗುತ್ತದೆ. ಇನ್ನರ್ ಐ ಕೂಡ ಅವರದ್ದೇ ಅಲ್ವಾ?

ಡ್ರಾಯಿಂಗ್ ಮೇಷ್ಟ್ರು ಜಗಳೂರು
ಹೌದು, ಫಿಲ್ಮ್ಸ್ ಡಿವಿಷನ್‌ದೇ. 1948ರಲ್ಲಿ ಶುರುವಾದ ಸಂಸ್ಥೆ. 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ (ಎನ್‌ಎಫ್‌ಡಿಸಿ) ಸೇರಿಸಿದರು.

ರಿಂಗ್ ರೋಡ್ ರವಾನೆ
ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನಾನು ಕೊಡುತ್ತೇನೆ. ಊರು ಹೊಳಲ್ಕೆರೆ, ಈಗ ಬೆಂಗಳೂರಿನಲ್ಲಿದ್ದೇನೆ. ಹನ್ನೆರಡು ವರ್ಷದಲ್ಲಿ ಐದು ಸಾಕ್ಷ್ಯಚಿತ್ರ ಮಾಡಿದ್ದೇನೆ, ಅದರಲ್ಲಿ ಮೂರು ಕಲಾವಿದರ ಮೇಲೆ. ಬಾಡಿಗೆ ಕಟ್ಟಿದ್ದು ಆ ಚಿತ್ರಗಳಿಂದಲ್ಲ. ಕಂಪನಿಗಳ ವಿಡಿಯೋ, ಬೇರೆಯವರ ಎಡಿಟಿಂಗ್, ಕಾಲೇಜಿನಲ್ಲಿ ವಾರಕ್ಕೆರಡು ಪಾಠ, ಇವುಗಳಿಂದ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಅಮೆರಿಕದ ಆಲ್ಬರ್ಟ್ ಮೇಸಲ್ಸ್ ಹೆಸರು ಕೇಳಿರಬಹುದು. ತಮ್ಮ ಡೇವಿಡ್ ಜೊತೆ ಸೇರಿ ಚಿತ್ರ ಮಾಡುತ್ತಿದ್ದರು. ಅಣ್ಣ ಕ್ಯಾಮೆರಾ, ತಮ್ಮ ಸೌಂಡು. ಅವರೂ ಜೀವನಕ್ಕೆ ಜಾಹೀರಾತು ಮಾಡುತ್ತಿದ್ದರು. ಕ್ರಿಸ್ಟೋ ಮತ್ತು ಜೀನ್ ಕ್ಲಾಡ್ ಎಂಬ ಕಲಾವಿದ ದಂಪತಿ ಇದ್ದರು. ದೊಡ್ಡ ದೊಡ್ಡ ಜಾಗಗಳಲ್ಲಿ ಬಟ್ಟೆ ಕಟ್ಟುವುದೇ ಅವರ ಕಲೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಗುಡ್ಡಗಳ ಮೇಲೆ ಹೆಚ್ಚುಕಮ್ಮಿ 40 ಕಿಲೋಮೀಟರ್ ಉದ್ದ ಬಿಳಿ ಬಟ್ಟೆಯ ಬೇಲಿ ಹಾಕಿದರು. ಎರಡೇ ವಾರ ಇತ್ತು, ಆಮೇಲೆ ಬಿಚ್ಚಿದರು. ಅದಕ್ಕೆ ರೈತರನ್ನು ಒಪ್ಪಿಸಿದ್ದು, ಸಭೆಗಳಲ್ಲಿ ಬೈಸಿಕೊಂಡಿದ್ದು ಎಲ್ಲವನ್ನೂ ಮೇಸಲ್ಸ್ ಸಹೋದರರು ಶೂಟ್ ಮಾಡಿದ್ದಾರೆ. ಕಲಾವಿದ ಅಂದರೆ ಸ್ಟುಡಿಯೋದಲ್ಲಿ ಕೂತವನು ಮಾತ್ರ ಅಲ್ಲ, ರೈತನ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದು ಒಪ್ಪಿಸುವವನೂ ಹೌದು ಎಂದು ನನಗೆ ಗೊತ್ತಾಗಿದ್ದು ಆ ಚಿತ್ರದಿಂದ.

ಅದೇ ದಂಪತಿಯ ನ್ಯೂಯಾರ್ಕ್ ಪಾರ್ಕಿನ ಕೆಲಸದ ಚಿತ್ರ ಎರಡು ವರ್ಷ ಹಿಡಿಯಿತು. ಅಷ್ಟು ತಾಳ್ಮೆ ಇದ್ದರೆ ಈ ಕಸುಬಿಗೆ ಬಾ.

ಲೈಬ್ರರಿ ಕಾರ್ಡ್
ಎರಡು ವರ್ಷ ಅಲ್ಲ! ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಬಟ್ಟೆ ಇಳಿಬಿಟ್ಟ ಗೇಟುಗಳನ್ನು ನಿಲ್ಲಿಸುವ ಆ ಯೋಜನೆ ಶುರುವಾದದ್ದು 1979ರಲ್ಲಿ. ಆಗಿನಿಂದಲೇ ಮೇಸಲ್ಸ್ ಶೂಟ್ ಮಾಡುತ್ತಿದ್ದರು. ಊರಿನವರು ಬೇಡ ಅಂದರು, ಯೋಜನೆ ನಿಂತಿತು. ಡೇವಿಡ್ 1987ರಲ್ಲಿ ತೀರಿಕೊಂಡರು. ಗೇಟುಗಳು ನಿಂತದ್ದು 2005ರ ಫೆಬ್ರವರಿಯಲ್ಲಿ, ಚಿತ್ರ ಹೊರಗೆ ಬಂದದ್ದು 2007ರಲ್ಲಿ. ಅಂದರೆ 28 ವರ್ಷ. ತಮ್ಮ ರೆಕಾರ್ಡ್ ಮಾಡಿದ ಸೌಂಡು ಅಣ್ಣನ ಚಿತ್ರದಲ್ಲಿ ಇಪ್ಪತ್ತು ವರ್ಷದ ಮೇಲೆ ಕೇಳುತ್ತದೆ.

ರಿಂಗ್ ರೋಡ್ ರವಾನೆ
ಹೌದು, ಸರಿ. ಗೇಟು ಕಟ್ಟಿದ ಸಮಯವನ್ನು ಮಾತ್ರ ನಾನು ಲೆಕ್ಕ ಹಾಕಿದ್ದೆ. 28 ವರ್ಷ ಎಂದು ಓದಿ ಹುಡುಗನ ಅಪ್ಪ ಹೆದರದಿದ್ದರೆ ಸಾಕು.

ಹರಿಹರದ ಹೊಳೆ
ಎಲ್ಲಾ ಸರಿ, ಬಂಗಾಳ ಅಮೆರಿಕ ಎಲ್ಲಾ ಸುತ್ತಿ ಬಂದ್ರಿ. ನಮ್ಮ ಕನ್ನಡದಲ್ಲಿ ಯಾರೂ ಇಲ್ವಾ?

ಲೈಬ್ರರಿ ಕಾರ್ಡ್
ಗಿರೀಶ್ ಕಾರ್ನಾಡರು 1972ರಲ್ಲಿ ದ.ರಾ. ಬೇಂದ್ರೆಯವರ ಮೇಲೆ ಸಾಕ್ಷ್ಯಚಿತ್ರ ಮಾಡಿದರು. ಆಗ ಬೇಂದ್ರೆಯವರಿಗೆ ಇನ್ನೂ ಜ್ಞಾನಪೀಠ ಬಂದಿರಲಿಲ್ಲ. ನಮ್ಮಲ್ಲಿ ಪ್ರಶಸ್ತಿ ಬಂದ ಮೇಲೆ ಕ್ಯಾಮೆರಾ ಹೋಗುತ್ತದೆ, ಅಷ್ಟೊತ್ತಿಗೆ ಮನುಷ್ಯನ ಧ್ವನಿ ಹೋಗಿರುತ್ತದೆ.

ಕನ್ನಡದ ನಂಟಿರುವ ಇನ್ನೊಂದು ವಿಷಯ ಹೇಳಲೇಬೇಕು. ರಾಯ್ ಅವರು ನರ್ತಕಿ ಬಾಲಸರಸ್ವತಿಯವರ ಮೇಲೆ 1976ರಲ್ಲಿ ಬಾಲಾ ಎಂಬ ಚಿತ್ರ ಮಾಡಿದರು. ಅದರಲ್ಲಿ ಆ ತಾಯಿ ಸಮುದ್ರದ ದಡದಲ್ಲಿ ನಮ್ಮ ವ್ಯಾಸರಾಯರ "ಕೃಷ್ಣಾ ನೀ ಬೇಗನೆ ಬಾರೋ" ಪದಕ್ಕೆ ಅಭಿನಯ ಮಾಡುತ್ತಾರೆ. ಗಾಳಿಗೆ ಸೀರೆ ಹಾರುತ್ತಿರುತ್ತದೆ, ಅವರು ಕೃಷ್ಣನನ್ನು ಕರೆಯುತ್ತಲೇ ಇರುತ್ತಾರೆ. ಆಗ ಅವರಿಗೆ 58 ವರ್ಷ. ರಾಯ್ ಅವರ ನೃತ್ಯವನ್ನು ಮೊದಲು ನೋಡಿದ್ದು ಹುಡುಗನಾಗಿದ್ದಾಗ, ಕಲ್ಕತ್ತಾದಲ್ಲಿ. ಚಿತ್ರ ಮಾಡಲು ನಲವತ್ತು ವರ್ಷ ಬೇಕಾಯಿತು. ಆ ಹರೆಯದ ಕುಣಿತ ಚಿತ್ರಕ್ಕೆ ಸಿಗಲೇ ಇಲ್ಲ.

ಗುಂಡಿ ಸರ್ಕಲ್
ನಮ್ಮ ಚಿಂದೋಡಿ ಲೀಲಾ ಅವರನ್ನು ನೆನೆಸಿಕೊಂಡೆ. ಕೆಬಿಆರ್ ಡ್ರಾಮಾ ಕಂಪನಿ ಎಂದರೆ ನಮ್ಮೂರಿಗೆ ಹೆಮ್ಮೆ. 1988ರಲ್ಲಿ ಪದ್ಮಶ್ರೀ ಬಂತು, 2010ರ ಜನವರಿಯಲ್ಲಿ ಹೋದರು. ಅವರು ಸ್ಟೇಜ್ ಮೇಲೆ ಬಂದು ಒಂದು ಮಾತೂ ಆಡದೆ ಸುಮ್ನೆ ನಿಂತರೂ ಜನ ತಣ್ಣಗಾಗುತ್ತಿದ್ದರು. ಅದನ್ನು ಮೊಮ್ಮಕ್ಕಳಿಗೆ ಬಾಯಲ್ಲಿ ಹೇಳಿ ತೋರಿಸಲು ಆಗುವುದಿಲ್ಲ.

ಉರುಮೆ ಸದ್ದು
ಚಳ್ಳಕೆರೆ ಕಡೆಗೂ ಬನ್ನಿ ಸ್ವಾಮಿ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಕಲಿತವರಲ್ಲ, ಸಾವಿರಾರು ಪದ ಬಾಯಲ್ಲಿತ್ತು. ವಿದ್ವಾಂಸರು ಬಂದು ಬರೆದುಕೊಂಡರು. ಪದ ಪುಸ್ತಕದಲ್ಲಿ ಉಳಿಯುತ್ತದೆ. ಆದರೆ ಹಾಡುವಾಗ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ, ಜೊತೆಯವರು ಸೊಲ್ಲು ಎಲ್ಲಿ ಎತ್ತುತ್ತಾರೆ, ಅದು ಪುಸ್ತಕದಲ್ಲಿ ಹೇಗೆ ಬರುತ್ತದೆ? ನಮ್ಮ ಹಟ್ಟಿಯಲ್ಲಿ ಉರುಮೆ ಬಾರಿಸುವ ಹಿರಿಯರು ಈಗ ಇಬ್ಬರೇ ಉಳಿದಿದ್ದಾರೆ. ನನ್ನ ಹತ್ತಿರ ಮೊಬೈಲ್ ಮಾತ್ರ ಇದೆ. ಅದರಲ್ಲೇ ತೆಗೆದು ಇಡುತ್ತಿದ್ದೇನೆ.

ರಿಂಗ್ ರೋಡ್ ರವಾನೆ
ಉರುಮೆ ಅಣ್ಣ, ಮೊಬೈಲೇ ಸಾಕು, ನಿಲ್ಲಿಸಬೇಡಿ. ಸೌಂಡಿಗೆ ಮಾತ್ರ ಒಂದು ಸಣ್ಣ ರೆಕಾರ್ಡರ್ ಹೊಂದಿಸಿಕೊಳ್ಳಿ, ಉರುಮೆಯ ಕೆಳಗಿನ ಸ್ವರ ಮೊಬೈಲ್ ಹಿಡಿಯುವುದಿಲ್ಲ. ಬಾರಿಸುವವರಿಂದ ಸ್ವಲ್ಪ ದೂರ ಇಡಿ. ಪ್ರತಿ ಸಲ ಒಂದು ನಿಮಿಷ ಯಾರೂ ಮಾತಾಡದೆ ಆ ಜಾಗದ ಸದ್ದನ್ನೂ ತೆಗೆದುಕೊಳ್ಳಿ. ಎಡಿಟಿಂಗ್‌ನಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ದುರ್ಗದ ಏಳು ಸುತ್ತು
ಶುರುವಿನಲ್ಲಿ ಡ್ರೋನ್‌ನಲ್ಲಿ ಚಿತ್ರದುರ್ಗದ ಕೋಟೆ ತೋರಿಸಿದರೆ ಚೆನ್ನಾಗಿರುತ್ತದೆ. ಜೊತೆಗೆ ಗಂಭೀರ ಧ್ವನಿಯಲ್ಲಿ ಹಿನ್ನೆಲೆ ಮಾತು ಇರಲಿ.

ಎಡಿಟ್ ಟೇಬಲ್
ಬೇಡ ಸರ್. ಮೊದಲನೆಯದಾಗಿ ತಾತ ದಾವಣಗೆರೆಯವರು, ಕೋಟೆಗೂ ಅವರಿಗೂ ಸಂಬಂಧ ಏನು? ಎರಡನೆಯದು, ಕೋಟೆ ಪುರಾತತ್ವ ಇಲಾಖೆಯ ಸ್ಮಾರಕ, ಶೂಟಿಂಗ್‌ಗೆ ಅನುಮತಿ ಬೇಕು. ಇನ್ನು ಹಿನ್ನೆಲೆ ಮಾತು ಅಂತೂ ಬೇಡವೇ ಬೇಡ. ಅವರ ಕಥೆಯನ್ನು ಅವರೇ ಹೇಳಲಿ.

ಡ್ರಾಯಿಂಗ್ ಮೇಷ್ಟ್ರು ಜಗಳೂರು
ಹಿನ್ನೆಲೆ ಮಾತು ಬೇಡವೇ ಬೇಡ ಎಂದು ಹೇಳಲಾಗದು. ಇನ್ನರ್ ಐನಲ್ಲೂ ಬಾಲಾದಲ್ಲೂ ರಾಯ್ ತಾವೇ ಮಾತಾಡಿದ್ದಾರೆ. ಯಾರೋ ಬಾಡಿಗೆ ಧ್ವನಿ ಅಲ್ಲ, ಮಾಡಿದವರ ಧ್ವನಿ. ಅದರಲ್ಲೇ ಪ್ರೀತಿ ಗೊತ್ತಾಗುತ್ತದೆ. ಹುಡುಗನೇ ತನ್ನ ದಾವಣಗೆರೆ ಕನ್ನಡದಲ್ಲಿ ನಾಲ್ಕು ಮಾತು ಹೇಳಿದರೆ ತಪ್ಪೇನು?

ಎಡಿಟ್ ಟೇಬಲ್
ಅದಾದರೆ ಒಪ್ಪಿದೆ.

ಕಾಗದ ಪತ್ರ
ನಾನು ವಕೀಲೆ. ಯಾರೂ ಹೇಳಲಿಲ್ಲವೆಂದು ಬರೆಯುತ್ತಿದ್ದೇನೆ. ತಾತನ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಕನ್ನಡದಲ್ಲಿ ಬರೆಯಿರಿ, ಅವರಿಗೆ ಓದಿ ಹೇಳಿ, ಮನೆಯವರ ಮುಂದೆ ಸಹಿ ಹಾಕಿಸಿ. ಅವರು ಒಪ್ಪಿದ್ದನ್ನು ಕ್ಯಾಮೆರಾದಲ್ಲೂ ಹೇಳಿಸಿ. ಅವರು ಬರೆದ ಪರದೆಗಳ ಮೇಲೂ ಹಕ್ಕಿನ ಪ್ರಶ್ನೆ ಬರುತ್ತದೆ, ಕಂಪನಿಯವರನ್ನೂ ಕೇಳಬೇಕಾಗಬಹುದು. ಉರುಮೆ ಅಣ್ಣನಿಗೂ ಒಂದು ಮಾತು. ಹಾಡುವವರಿಗೆ, ಬಾರಿಸುವವರಿಗೆ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಇದೆ, 1994ರ ತಿದ್ದುಪಡಿಯಲ್ಲಿ ಬಂದದ್ದು. ಚಿತ್ರದಿಂದ ಹಣ ಬಂದರೆ ಎಷ್ಟು ಪಾಲು ಎಂದು ಮೊದಲೇ ಮಾತಾಡಿಕೊಳ್ಳಿ. ಚಿತ್ರದ ಒಂದು ಕಾಪಿ ಕೊಡುತ್ತೇವೆ ಎಂಬುದನ್ನೂ ಆ ಕಾಗದದಲ್ಲಿ ಬರೆಯಿರಿ. ಮೇಲೆ ಅಕ್ಕ ಹೇಳಿದ್ದು ಇನ್ನೊಂದು ಮನೆಯಲ್ಲಿ ಆಗಬಾರದು.

ಕಂಪನಿ ಮನೆ ಮಗಳು
ಆ ಕೊನೆಯ ಸಾಲು ಬರೆದಿದ್ದಕ್ಕೆ ನಿಮಗೆ ಒಳ್ಳೆಯದಾಗಲಿ ಅಮ್ಮಾ.

ಹರಿಹರದ ಹೊಳೆ
ದುಡ್ಡು ಎಲ್ಲಿಂದ ಬರುತ್ತದೆ ಎಂದು ಯಾರಾದರೂ ಬಿಡಿಸಿ ಹೇಳಿ. ನನ್ನ ಮಗನೂ ಇದೇ ದಾರಿ ಹಿಡಿದಿದ್ದಾನೆ.

ರಿಂಗ್ ರೋಡ್ ರವಾನೆ
ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಬೆಂಗಳೂರಿನಲ್ಲಿ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ, ಕಲೆಯ ಸಂಶೋಧನೆಗೆ, ದಾಖಲಾತಿಗೆ ಅನುದಾನ ಕೊಡುತ್ತಾರೆ. ಕನ್ನಡದಲ್ಲೇ ಬರೆದು ಕಳಿಸಬಹುದು. ಸಾಹಿತಿಗಳ ಬಗ್ಗೆ ಆದರೆ ಸಾಹಿತ್ಯ ಅಕಾಡೆಮಿ ಚಿತ್ರ ಮಾಡಿಸುತ್ತದೆ. ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವ ಸಾಕ್ಷ್ಯಚಿತ್ರ, ಕಿರುಚಿತ್ರ, ಅನಿಮೇಷನ್ ಚಿತ್ರಗಳಿಗಾಗಿಯೇ ಇದೆ, 1990ರಿಂದ ನಡೆಯುತ್ತಿದೆ. ತಿರುವನಂತಪುರದಲ್ಲೂ ಒಂದಿದೆ. ಅಲ್ಲಿ ದುಡ್ಡಿಗಿಂತ ಜನ ಸಿಗುತ್ತಾರೆ, ಮುಂದಿನ ಕೆಲಸ ಸಿಗುತ್ತದೆ. ರಾಷ್ಟ್ರ ಪ್ರಶಸ್ತಿಗೆ ಕಳಿಸುವುದಾದರೆ ಸೆನ್ಸಾರ್ ಸರ್ಟಿಫಿಕೇಟ್ ಬೇಕು, ಅದಕ್ಕೆ ಸಮಯ ಇಟ್ಟುಕೊಳ್ಳಿ.

ಮದುವೆ ಕೆಲಸ ಬಿಡಬೇಡ ತಮ್ಮ. ಆರು ತಿಂಗಳು ಮದುವೆ, ಉಳಿದದ್ದು ಇದು. ಮದುವೆಮನೆಯಲ್ಲಿ ನೀನು ಕಲಿತದ್ದು ಕಡಿಮೆಯಲ್ಲ. ತಾಳಿ ಕಟ್ಟುವುದನ್ನು ಎರಡನೇ ಸಲ ಮಾಡಿಸಲು ಆಗುವುದಿಲ್ಲ, ಕಾದು ನಿಂತು ಹಿಡಿಯಬೇಕು. ಸಾಕ್ಷ್ಯಚಿತ್ರಕ್ಕೆ ಬೇಕಾದದ್ದು ಅದೇ ಕೈ.

ಪಿಬಿ ರೋಡ್ ಕ್ಯಾಮೆರಾ
ಎಲ್ಲರಿಗೂ ಕೈ ಮುಗಿಯುತ್ತೇನೆ. ಎರಡು ಸಲ ಓದಿದೆ. ನಿನ್ನೆ ಭಾನುವಾರ ತಾತನ ಮನೆಗೆ ಹೋಗಿದ್ದೆ. ಬರೆಯಿರಿ ಎಂದು ಕೇಳಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಇನ್ನರ್ ಐ ತೋರಿಸಿದೆ. ತಾತ ಕಣ್ಣು ಕಾಣದ ವಿಷಯ ಮಾತಾಡಲೇ ಇಲ್ಲ. ಅವರು ಕೇಳಿದ್ದು, "ಆ ಬಿಲ್ಲೆ ಯಾತರಾಗ ಅಂಟಿಸ್ಯಾರ? ಸಿಮೆಂಟೋ ಏನು?" ನನಗೆ ಗೊತ್ತಿರಲಿಲ್ಲ. ಆಮೇಲೆ ಮೊಮ್ಮಗನನ್ನು ಕರೆದು ಅಟ್ಟದ ಮೇಲಿಂದ ಒಂದು ಸುರುಳಿ ಇಳಿಸಲು ಹೇಳಿದರು. ಮನೆಯವರಿಗೇ ಅದು ಇರುವುದು ಗೊತ್ತಿರಲಿಲ್ಲ!

ರಸ್ತೆ ಸೀನು. ಇಲಿ ತಿಂದು ಅಲ್ಲಲ್ಲಿ ತೂತಾಗಿದೆ. ತಾರಸಿ ಮೇಲೆ ಬಿಚ್ಚಿದೆವು, ಜಾಗ ಸಾಲದೆ ಅರ್ಧ ಮಾತ್ರ ಬಿಚ್ಚಲು ಆಯಿತು. ರಸ್ತೆ ನಟ್ಟನಡುವೆ ಇಲ್ಲ, ಸ್ವಲ್ಪ ಎಡಕ್ಕೆ ಹೋಗಿದೆ. ಬಟ್ಟೆ ಸೊಟ್ಟಗಿದೆ ಅಂದುಕೊಂಡೆ. ತಾತ ಹೇಳಿದರು, ನಡುವೆ ಪಾತ್ರಧಾರಿ ನಿಲ್ಲುತ್ತಾನೆ, ರಸ್ತೆ ಅಲ್ಲೇ ಬರೆದರೆ ಅವನ ತಲೆಯಿಂದ ಹೊರಟ ಹಾಗೆ ಕಾಣುತ್ತದೆ, ಅದಕ್ಕೇ ಎಡಕ್ಕೆ ತಳ್ಳಿದ್ದು ಅಂತ. 11 ಗಂಟೆ ಮಾತಿನಲ್ಲಿ ಇದನ್ನು ಹೇಳಿರಲಿಲ್ಲ. ಆಮೇಲೆ ಎಡಗೈಯಲ್ಲಿ ಒಂದು ಕೋಲು ಹಿಡಿದು, ಇಲ್ಲಿ ತೇಪೆ ಹಾಕು, ಇಲ್ಲಿ ನೀಲಿ ಹೋಗಿದೆ ಎಂದು ಮೊಮ್ಮಗನಿಗೆ ತೋರಿಸುತ್ತಾ ಒಂದು ಗಂಟೆ ನಿಂತೇ ಇದ್ದರು. ಕೂತುಕೊಳ್ಳಿ ಅಂದರೂ ಕೂರಲಿಲ್ಲ.

ಎಡಿಟ್ ಟೇಬಲ್
ಶೂಟ್ ಮಾಡಿದೆ ತಾನೆ?

ಪಿಬಿ ರೋಡ್ ಕ್ಯಾಮೆರಾ
ಇಲ್ಲ ಅಣ್ಣ. ಕ್ಯಾಮೆರಾ ಬ್ಯಾಗಿನಲ್ಲೇ ಇತ್ತು. ತೆಗೆಯಲು ಕೈ ಬರಲಿಲ್ಲ. ಫೋನಿನಲ್ಲಿ ಸೌಂಡ್ ಮಾತ್ರ ಇದೆ.

ಎಡಿಟ್ ಟೇಬಲ್
ಅಯ್ಯೋ!

ಕಂಪನಿ ಮನೆ ಮಗಳು
ಒಳ್ಳೆಯದೇ ಆಯಿತು. ನಿನ್ನೆ ಕ್ಯಾಮೆರಾ ಇದ್ದಿದ್ದರೆ ಅಷ್ಟು ಹೊತ್ತು ನಿಲ್ಲುತ್ತಿದ್ದರೋ ಇಲ್ಲವೋ. ಇನ್ನೊಮ್ಮೆ ಬಿಚ್ಚುತ್ತಾರಾ ಕೇಳು. ಈಗ ನೀನು ಬರೆಯಿರಿ ಎಂದು ಕೇಳುವ ಅಗತ್ಯವೇ ಇಲ್ಲ, ಅವರೇ ಕೆಲಸಕ್ಕೆ ಇಳಿದಿದ್ದಾರೆ. ಎಡಿಟ್ ಟೇಬಲ್ ಅಣ್ಣ ಹೇಳಿದ್ದರಲ್ಲೂ ಅರ್ಧ ನಿಜ ಇತ್ತು.

ಪಿಬಿ ರೋಡ್ ಕ್ಯಾಮೆರಾ
ಕೇಳಿದೆ ಅಕ್ಕ. ಮುಂದಿನ ಭಾನುವಾರ ಪೂರ್ತಿ ಬಿಚ್ಚಿ ತೂಗು ಹಾಕಿ ನೋಡಬೇಕು ಅಂದಿದ್ದಾರೆ, ಮಲಗಿಸಿದರೆ ಪರದೆಯ ತಪ್ಪು ಗೊತ್ತಾಗುವುದಿಲ್ಲವಂತೆ. ಒಪ್ಪಿಗೆ ಕಾಗದ ಓದಿ ಹೇಳಿದೆ, ಸಹಿ ಆಯಿತು. ಕ್ಯಾಮೆರಾ ತರುತ್ತೇನೆ ಅಂದೆ, ತಾ ಅಂದರು. 20 ಅಡಿ ಅಗಲದ ಪರದೆ, ಜಾಗದ್ದೇ ಚಿಂತೆ.

ಗುಂಡಿ ಸರ್ಕಲ್
ನಮ್ಮ ಹತ್ತಿ ಗೋಡೌನ್ ಖಾಲಿ ಇದೆ ತಮ್ಮ. ಸೂರು ಎತ್ತರ, ಅಡ್ಡ ಕಬ್ಬಿಣದ ತೊಲೆ ಇದೆ, ಹಗ್ಗ ಕಟ್ಟಬಹುದು. ಬೆಳಿಗ್ಗೆ ಪೂರ್ವದ ಬಾಗಿಲು ತೆಗೆದರೆ ಬೆಳಕು ಚೆನ್ನಾಗಿ ಬರುತ್ತದೆ. ಶನಿವಾರವೇ ಗುಡಿಸಿ ಇಟ್ಟಿರುತ್ತೇನೆ. ತಾತನನ್ನು ನನ್ನ ಕಾರಿನಲ್ಲಿ ಕರೆದುಕೊಂಡು ಬರೋಣ.

ಡ್ರಾಯಿಂಗ್ ಮೇಷ್ಟ್ರು ಜಗಳೂರು
ಜಗಳೂರಿನಿಂದ ಮೊದಲ ಬಸ್ಸಿಗೆ ನಾನೂ ಹೊರಡುತ್ತೇನೆ. ಅಷ್ಟು ದೊಡ್ಡ ಬಟ್ಟೆ ಮೇಲೆತ್ತಲು ನಾಲ್ಕು ಜನ ಬೇಕು. ಎಷ್ಟು ಗಂಟೆಗೆ?